ಆಮಿನಾಬಿ ಹೊತ್ತುಕೊಂಡು ಹೋದ ಗಂಟು

ಆಮಿನಾಬಿಗೆ ತನ್ನ ವಯಸ್ಸು ಗೊತ್ತಿರಲಿಲ್ಲ. ಆದರೆ ಬೀಡಿ ಮೊರದ ಮುಂದೆ ತನ್ನನ್ನು ಮೊದಲು ಕೂರಿಸಿದ ದಿನ ಚೆನ್ನಾಗಿ ನೆನಪಿತ್ತು. ಅವತ್ತು ಅವಳ ಮೊದಲ ಹಾಲುಹಲ್ಲು ಬಿದ್ದಿತ್ತು. ಎಡತೊರೆಯ ಮನೆಯ ಸೂರಿನ ಮೇಲೆ ಹಲ್ಲನ್ನೆಸೆದು ಕುಣಿಯುತ್ತ ಬಂದವಳನ್ನು ತಾಯಿ ಕೈಹಿಡಿದು ಕೂರಿಸಿ, "ಹಲ್ಲು ಬಿತ್ತು ಅಂದ್ಮೇಲೆ ದೊಡ್ಡೋಳಾದೆ. ಬಾ, ಬಾಯಿ ಮಡಿಸು" ಅಂದಿದ್ದಳು.

ಸುತ್ತಿದ ಬೀಡಿಯ ತುದಿಯ ಎಲೆಯನ್ನು ಉಗುರಿನಿಂದ ಒಳಕ್ಕೊತ್ತಿ ಮುಚ್ಚುವುದನ್ನು ಅವರು ಬಾಯಿ ಮಡಿಸುವುದು ಎನ್ನುತ್ತಿದ್ದರು. ದೊಡ್ಡವರ ಬೆರಳಿಗಿಂತ ಮಕ್ಕಳ ಬೆರಳಿಗೆ ಅದು ಚೆನ್ನಾಗಿ ಒಗ್ಗುತ್ತದೆ. ದೇವರು ಮಕ್ಕಳ ಬೆರಳನ್ನು ಸಣ್ಣದಾಗಿ ಮಾಡಿದ್ದೇ ಬೀಡಿಗೋಸ್ಕರ ಎಂದು ಸಾಹುಕಾರರು ನಂಬಿದ್ದ ಕಾಲ ಅದು. ಅಪ್ಪ ಅಮ್ಮಂದಿರೂ ನಂಬಿದ್ದರು, ಅದೇ ದುಃಖದ ಮಾತು.

ಮೊರದ ಇನ್ನೊಂದು ಬದಿಯಲ್ಲಿ ಅವಳ ತಂಗಿ ಕೂರುತ್ತಿದ್ದಳು. ಮಾತು ಜಾಸ್ತಿ, ಕೆಲಸವೂ ಜಾಸ್ತಿ. ಒಂದು ಚಳಿಗಾಲದಲ್ಲಿ ಆ ತಂಗಿ ಕೆಮ್ಮಿ ಕೆಮ್ಮಿ ಸತ್ತುಹೋದಳು. ನಜರ್ ತಾಗಿತು ಎಂದರು. ಕೆಟ್ಟ ಕಣ್ಣಿಗೆ ಆ ಮನೆಗಳಲ್ಲಿ ನಜರ್ ಎಂದೇ ಹೆಸರು. ಹಿಂದಿನ ದಿನ ನೆನೆಸಿಟ್ಟ ಎಲೆ ಹಾಳಾಗುತ್ತದೆಂದು ಮಾರನೆಯ ದಿನ ಆಮಿನಾಬಿ ಎರಡು ಕಡೆಯ ಕೆಲಸವನ್ನೂ ಒಬ್ಬಳೇ ಮಾಡಿದಳು. ಆಮೇಲಾಮೇಲೆ ತಂಗಿಯ ಮುಖವೂ ಮರೆತುಹೋಯಿತು.

ಹುಣಸೂರಿನಿಂದ ಹೆಣ್ಣು ನೋಡಲು ಬಂದವರು ಅವಳ ಮುಖ ನೋಡಿದ್ದು ಆಮೇಲೆ. ಮೊದಲು ತೊಡೆಯ ಮೇಲೆ ಮೊರ ಇಟ್ಟರು. ಅತ್ತೆಯಾಗುವವಳು ಒಂದೊಂದೇ ಬೀಡಿಯನ್ನು ಕಿವಿಯ ಹತ್ತಿರ ಹಿಡಿದು ಹಿಸುಕಿ, ತುದಿ ಕೆಳಗೆ ಮಾಡಿ ಅಲ್ಲಾಡಿಸಿ, ಪುಡಿ ಉದುರಲಿಲ್ಲವೆಂದಾಗ, "ಹುಡುಗಿ ಒಳ್ಳೇ ಮನೆತನದವಳು" ಎಂದು ತೀರ್ಪು ಕೊಟ್ಟಳು. ಬೀಡಿಯ ಬಾಯಿ ನೋಡಿ ಮನೆತನ ಹೇಳುವ ಶಾಸ್ತ್ರ ಬೇರೆ ಯಾವ ಊರಿನಲ್ಲಿದೆಯೋ ಕಾಣೆ. ಆ ಕೇರಿಗಳಲ್ಲಂತೂ ಇತ್ತು.

ಗಂಡ ಸರ್ದಾರ್ ಪಾಷಾ ಗಾಡಿ ಹೊಡೆಯುವವನು. ಕಾಕನಕೋಟೆಯ ಕಾಡಿನಿಂದ ಮರ ಹೇರಿಕೊಂಡು ಹುಣಸೂರಿಗೆ ತರುತ್ತಿದ್ದ. ತಿಂಗಳಲ್ಲಿ ಅರ್ಧದಷ್ಟು ದಿನ ದಾರಿಯಲ್ಲೇ. ಎತ್ತುಗಳನ್ನು ಬಯ್ಯುವಾಗಲೂ "ಏನಪ್ಪಾ" ಎಂದು ಶುರುಮಾಡುವಂಥ ಸಾಧು ಮನುಷ್ಯ. ಮನೆಯೊಳಗೆ ಉರ್ದು, ಹೊಸಲು ದಾಟಿದರೆ ಕನ್ನಡ. ಹಾಗೆ ಎರಡು ಭಾಷೆಯಲ್ಲಿ ಸಂಸಾರ ಸಾಗಿತ್ತು. ಮೊದಲು ಜೀನತುನ್ನೀಸಾ ಹುಟ್ಟಿದಳು. ಬಹಳ ವರ್ಷ ಬಿಟ್ಟು ಕರೀಮುನ್ನೀಸಾ.

ಜೀನತ್‌ಗೆ ಹಲ್ಲು ಬೀಳುವ ತನಕವೂ ಯಾರೂ ಕಾಯಲಿಲ್ಲ. ಅವಳೇ ತೆವಳಿಕೊಂಡು ಬಂದು ಮೊರಕ್ಕೆ ಕೈ ಹಾಕಿದಳು, ಮಾತು ಬರುವ ಮುಂಚೆ ಎಲೆ ಹರಿದಳು. ಐದು ತುಂಬುವಷ್ಟರಲ್ಲಿ ಅವಳ ಹೆಬ್ಬೆರಳಿನ ಉಗುರು ಬಾಯಿ ಮಡಿಸುವ ರೀತಿ ನೋಡಲು ಕೇರಿಯ ಹೆಂಗಸರು ಬಂದು ಕೂರುತ್ತಿದ್ದರು. ಎದುರು ಮನೆಯ ಸಿದ್ದಲಿಂಗಮ್ಮ ಮೊಸರು ಮಾರಿ ವಾಪಸು ಬರುವಾಗ ಕುಕ್ಕೆ ಇಳಿಸಿ ನಿಂತುಬಿಡುತ್ತಿದ್ದಳು.

"ಏನವ್ವ ಆಮಿನಾಬಿ, ನಿನ್ ಮಗ್ಳು ಕೈ ಏನ್ ಕೈಯೋ ಮಿಷಿನ್ನೋ! ಕಣ್ಣು ಮುಚ್ಕಂಡೇ ಮಡಿಸ್ತಾಳಲ್ಲ. ನನ್ ಕಣ್ಣೇ ಬಿದ್ದಾತು, ಸಂಜಿಕೆ ಉಪ್ಪು ನೀವಾಳಿಸ್ಬುಡು" ಎನ್ನುತ್ತಿದ್ದಳು.

ಮಗಳನ್ನು ಹೊಗಳಿದರೆ ಯಾವ ತಾಯಿಗೆ ಬೇಡ? ಆಮಿನಾಬಿಯ ಎದೆ ಉಬ್ಬುತ್ತಿತ್ತು. ಎಲೆ ಮತ್ತು ಹೊಗೆಸೊಪ್ಪಿನ ಪುಡಿ ಕೊಟ್ಟು ಬೀಡಿ ತೆಗೆದುಕೊಳ್ಳುತ್ತಿದ್ದ ಇಸಾಕ್ ಸಾಹೇಬರಂತೂ ಜೀನತ್ ಮಡಿಸಿದ ಬೀಡಿಗಳನ್ನು ಕಟ್ಟಿನ ಮೇಲ್ಸಾಲಿಗೆ ಇಡುತ್ತಿದ್ದರು, ಕೊಳ್ಳುವವರ ಕಣ್ಣಿಗೆ ಮೊದಲು ಅದೇ ಬೀಳಲಿ ಎಂದು. ಸಾಹೇಬರು ಕೆಟ್ಟವರಲ್ಲ. ಹಬ್ಬಕ್ಕೆ ಮಗುವಿಗೆ ಬಟ್ಟೆ ಕೊಟ್ಟವರು. ಮಕ್ಕಳನ್ನು ಕಾರ್ಖಾನೆಯಲ್ಲಿ ಕೂರಿಸುವುದು ಸರಿಯಲ್ಲವೆಂದು ಯಾರೋ ದೊಡ್ಡವರು ಹೇಳಿದಾಗ ಒಪ್ಪಿಕೊಂಡು, ಆವತ್ತಿನಿಂದ ಮಕ್ಕಳ ಕೆಲಸವನ್ನೆಲ್ಲ ಅವರವರ ಮನೆಗೇ ಕಳಿಸಿದ ಧರ್ಮಿಷ್ಠರು. ಮನೆಯಲ್ಲಿ ತಾಯಿಯ ಪಕ್ಕ ಕೂತು ಮಾಡಿದರೆ ಅದು ಕೆಲಸವಲ್ಲವಂತೆ!

ಒಂದು ಸಲ ಸರ್ದಾರ್ ಪಾಷಾ ಕಾಡಿನಿಂದ ಬಂದವನು, ಮಗಳು ಬಗ್ಗಿ ಕೂತೇ ಇದ್ದುದನ್ನು ನೋಡಿ ಹೆಂಡತಿಗೆ ಹೇಳಿದ: "ಇವಳನ್ನ ಸ್ಕೂಲಿಗೆ ಹಾಕೋಣ ಕಣೇ. ಇಸಾಕ್ ಸಾಹೇಬ್ರ ಗುಮಾಸ್ತರ ಮಗಳು ಹೋಗ್ತಾ ಇದ್ದಾಳೆ."

"ನಾನು ಹೋಗಿದ್ನಾ ಸ್ಕೂಲಿಗೆ?" ಆಮಿನಾಬಿ ಬೀಡಿಯಿಂದ ಕಣ್ಣೆತ್ತಲಿಲ್ಲ. "ಹಲ್ಲು ಬಿದ್ದ ದಿನದಿಂದ ಸುತ್ತಿದ್ದೀನಿ. ನಾನು ಬದುಕಿಲ್ವಾ?"

"ರಂಜಾನ್ ಕಳೀಲಿ, ನೋಡೋಣ" ಎಂದು ಅವನು ಎತ್ತುಗಳಿಗೆ ನೀರು ಕುಡಿಸಲು ಹೋದ. ರಂಜಾನ್ ಕಳೆಯಿತು. ಇನ್ನೊಂದು ರಂಜಾನೂ ಕಳೆಯಿತು.

ಜೀನತ್‌ಗೆ ಉಬ್ಬಸ ಶುರುವಾದದ್ದು ಆ ಹೊತ್ತಿನಲ್ಲಿ. ಮೊದಲು ತಲೆಸುತ್ತು, ಉಂಡದ್ದು ನಿಲ್ಲದು. ಆಮೇಲೆ ಉಸಿರು. ಬೆಳಿಗ್ಗೆ ಎದ್ದರೆ ಎದೆಯೊಳಗೆ ಕೊಳಲು ಊದಿದ ಹಾಗೆ ಸದ್ದು. ಕತ್ತಿನ ಗುಣಿ ಒಳಕ್ಕೆ ಎಳೆಯುತ್ತಿತ್ತು. ಕೇರಿಯ ಹಿರಿಯರೆಲ್ಲ ಒಂದೇ ಮಾತು ಹೇಳಿದರು: ನಜರ್. ಇಷ್ಟು ಚುರುಕು ಕೈಗೆ ಊರ ಕಣ್ಣು ಬೀಳದೆ ಇರುತ್ತದೆಯೇ?

ಆಮಿನಾಬಿ ಒಣಮೆಣಸಿನಕಾಯಿ, ಉಪ್ಪು ನೀವಾಳಿಸಿ ಒಲೆಗೆ ಹಾಕಿದಳು. ಘಾಟು ಬಂದರೆ ಬರೀ ಕಾಯಿಲೆ, ಬರದಿದ್ದರೆ ನಜರ್ ಎಂಬುದು ಲೆಕ್ಕ. ಹಗಲೂ ರಾತ್ರಿ ಹೊಗೆಸೊಪ್ಪಿನ ಪುಡಿ ಏಳುವ ಆ ಒಂದೇ ಕೋಣೆಯ ಮನೆಯಲ್ಲಿ ಯಾರ ಮೂಗು ನೆಟ್ಟಗಿತ್ತು? ಘಾಟು ಯಾರಿಗೂ ತಿಳಿಯಲಿಲ್ಲ. ಮಗು ಮಾತ್ರ ಕೆಮ್ಮಿ ಕೆಮ್ಮಿ ಕಣ್ಣು ಮೇಲಕ್ಕೆ ಮಾಡಿತು. "ನೋಡಿದಿರಾ, ಘಾಟೇ ಬರಲಿಲ್ಲ" ಎಂದು ಹೆಂಗಸರು ಮುಖ ಮುಖ ನೋಡಿಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಪಿರಿಯಾಪಟ್ಟಣದ ಆಚೆ, ಕೊಡಗಿನ ಕಡೆ ಹೋಗುವ ದಾರಿಯಲ್ಲಿ, ಹಳ್ಳದ ಪಕ್ಕ ಬಾಬಾ ಒಬ್ಬರ ಸಣ್ಣ ದರ್ಗಾ ಇತ್ತು. ನಜರ್ ತಾಗಿದವರು ಅಲ್ಲಿ ಹೋಗಿ ತಿಂಗಳೊಪ್ಪತ್ತು ಉಳಿದರೆ ವಾಸಿಯಾಗುತ್ತದೆಂದು ಸುತ್ತಲಿನ ಹಿಂದೂ ಮುಸಲ್ಮಾನರೆಲ್ಲರೂ ನಡೆದುಕೊಳ್ಳುತ್ತಿದ್ದರು. ಸರ್ದಾರ್ ಪಾಷಾ ಗಾಡಿಯಲ್ಲಿ ಹುಲ್ಲು ಹಾಸಿ ತಾಯಿಯನ್ನೂ ಮಕ್ಕಳನ್ನೂ ಅಲ್ಲಿಗೆ ಬಿಟ್ಟುಬಂದ. ದರ್ಗಾ ನೋಡಿಕೊಳ್ಳುವ ಗಯಾಸುದ್ದೀನ್ ಸಾಹೇಬರು ನವಿಲುಗರಿಯಿಂದ ಮಗುವಿನ ತಲೆ ನೇವರಿಸಿ, ಪ್ರಾರ್ಥನೆ ಓದಿ ಊದಿದ ನೀರು ಕೊಟ್ಟು, ಅಂಗಳದ ಪಕ್ಕದ ಕೋಣೆ ತೋರಿಸಿದರು.

ವಾರ ಕಳೆಯುವಷ್ಟರಲ್ಲಿ ಜೀನತ್ ಹಳ್ಳದ ದಂಡೆಯ ಮೇಲೆ ಓಡಾಡುತ್ತಿದ್ದಳು. ಎದೆಯ ಕೊಳಲು ನಿಂತಿತ್ತು. ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈಚಾಚಿದಳು. ಆಮಿನಾಬಿ ಬಾಬಾರ ಹೊಸಲಿಗೆ ಹಣೆ ಮುಟ್ಟಿಸಿ ಅತ್ತಳು. ತಿಂಗಳು ಮುಗಿಸಿ ಕೆನ್ನೆ ತುಂಬಿಕೊಂಡ ಮಗಳನ್ನು ಹುಣಸೂರಿಗೆ ಕರೆತಂದು, ಮಾರನೆಯ ದಿನ ಮೊರದ ಮುಂದೆ ಕೂರಿಸಿದಳು. ಹುಣ್ಣಿಮೆಯೊಂದು ಕಳೆಯುವುದರೊಳಗೆ ಉಬ್ಬಸ ಮತ್ತೆ ಬಂತು. ಊರಿನ ಕಣ್ಣು ಮತ್ತೆ ಬಿತ್ತು ಎಂದರು.

ಹೀಗೇ ಹೋಗುವುದು, ವಾಸಿಯಾಗುವುದು, ಬರುವುದು, ಬೀಳುವುದು. ಇಷ್ಟಾದರೂ ಒಬ್ಬರಿಗೂ ತಿಳಿಯಲಿಲ್ಲವೇ ಎಂದು ಈಗ ಕೇಳುವುದು ಸುಲಭ. ಕಣ್ಣಿಗೆ ಅತಿ ಹತ್ತಿರ ಇರುವುದು ರೆಪ್ಪೆ. ಅದೇ ಕಣ್ಣಿಗೆ ಕಾಣುವುದಿಲ್ಲ. ಹೊಗೆಸೊಪ್ಪು ಆ ಮನೆಗೆ ಅನ್ನ. ಅನ್ನದ ಮೇಲೆ ಯಾರಾದರೂ ಅನುಮಾನಪಡುತ್ತಾರೆಯೇ?

ಅಷ್ಟರಲ್ಲಿ ಯುದ್ಧ ಬಂತು. ಎಲ್ಲೋ ಸಮುದ್ರದಾಚೆ ಗುಂಡು ಹಾರಿದರೆ ಹುಣಸೂರಿನಲ್ಲಿ ಬೀಡಿಗೆ ಬೇಡಿಕೆ ಏರಿತು. ಇಸಾಕ್ ಸಾಹೇಬರಿಗೆ ಎಷ್ಟು ಸುತ್ತಿದರೂ ಸಾಲದು. ಆ ವರ್ಷ ಮಳೆಗಾಲದ ಮೊದಲಿಗೇ ಜೀನತ್ ಮಲಗಿದಳು, ಹಿಂದೆಂದಿಗಿಂತ ಜೋರಾಗಿ. ಆಗ ಅವಳಿಗೆ ಹತ್ತು ತುಂಬಿರಲಿಲ್ಲ. ದರ್ಗಾಕ್ಕೆ ಹೋಗಿಬರುತ್ತೇನೆಂದು ಆಮಿನಾಬಿ ಹೇಳಲು ಹೋದಾಗ ಸಾಹೇಬರು ಮುಖ ಸಣ್ಣದು ಮಾಡಿದರು.

"ಹೋಗಿ ಬನ್ನಿ ಆಮಿನಾಬಿ, ಮಗುವಿನ ಜೀವಕ್ಕಿಂತ ಹೆಚ್ಚು ಯಾವುದಿದೆ? ಆದರೆ ನೋಡಿ, ಈ ತಿಂಗಳು ನನ್ನ ಕೈ ಕಟ್ಟಿಹೋಗಿದೆ. ಎಲೆ, ಪುಡಿ ಕಟ್ಟಿಸಿ ಕೊಡ್ತೀನಿ. ಅಲ್ಲಿ ಕೂತಲ್ಲೇ ಸುತ್ತಿ. ಪುಣ್ಯಸ್ಥಳದಲ್ಲಿ ಮಾಡಿದ ಕೆಲಸಕ್ಕೆ ಬರಕತ್ ಇರುತ್ತೆ."

ಆಮಿನಾಬಿಗೆ ಅದು ಉಪಕಾರವಾಗಿಯೇ ಕಂಡಿತು. ಹೋದ ಕಡೆಯೂ ಅನ್ನ ಹುಟ್ಟುತ್ತದಲ್ಲ! ಗಾಡಿ ಇಳಿದು ಹಳ್ಳ ದಾಟುವಾಗ ಪುಡಿ ನೆನೆಯಬಾರದೆಂದು ಗಂಟನ್ನು ಗಂಡನ ಕೈಗೂ ಕೊಡದೆ ತನ್ನ ತಲೆಯ ಮೇಲೇ ಹೊತ್ತು, ಮಳೆಗೆ ಅದರ ಮೇಲೆ ಗೋಣಿ ಹೊದಿಸಿದಳು. ಗಂಡ ಜೀನತ್‌ಳನ್ನು ಎತ್ತಿಕೊಂಡಿದ್ದ. ಮಗುವಿನ ಮೇಲೆ ಹೊದಿಸಲು ಇನ್ನೊಂದು ಗೋಣಿ ಇರಲಿಲ್ಲ.

ತಾಯಿಯನ್ನೂ ಇಬ್ಬರು ಮಕ್ಕಳನ್ನೂ ದರ್ಗಾದಲ್ಲಿ ಬಿಟ್ಟು ಸರ್ದಾರ್ ಪಾಷಾ ಗಾಡಿ ಹೊಡೆದುಕೊಂಡು ಹೋದ. ಕರೀಮುನ್ನೀಸಾ ಗಯಾಸುದ್ದೀನ್ ಸಾಹೇಬರ ಹೆಂಡತಿಯ ಹಿಂದೆಯೇ ಓಡಾಡಿಕೊಂಡಿದ್ದಳು. ಆ ಸಲ ಮಳೆ ಬಿಡಲಿಲ್ಲ. ಹಳ್ಳ ತುಂಬಿ ಹರಿಯುತ್ತಿತ್ತು, ಅಂಗಳಕ್ಕೆ ಇಳಿಯುವಂತಿರಲಿಲ್ಲ. ಎರಚಲು ಬಡಿಯುತ್ತದೆಂದು ಆಮಿನಾಬಿ ಕೋಣೆಯ ಬಾಗಿಲು ಹಾಕಿಕೊಂಡು, ಚಿಮಣಿ ಹಚ್ಚಿಕೊಂಡು, ಗಂಟು ಬಿಚ್ಚಿದಳು. ಜೀನತ್ ಹಾಸಿಗೆಯಿಂದ ಎದ್ದು ಗೋಡೆಗೊರಗಿ ಕೂತಳು. "ನೀನು ಸುತ್ತಿ ಕೊಡಮ್ಮಾ, ಬಾಯಿ ನಾನು ಮಡಿಸ್ತೀನಿ. ನಿನ್ನ ಬಾಯಿ ಬಿಟ್ಕೊಳ್ಳುತ್ತೆ" ಎಂದು ನಕ್ಕಳು. ಆ ನಗುವಿಗೆ ಆಮಿನಾಬಿ ಸೋತುಹೋದಳು. ಮಗಳಿಗೆ ಕೆಲಸ ಮಾಡುವ ಮನಸ್ಸಾಗಿದೆ ಎಂದರೆ ಗುಣವಾಗುತ್ತಿದೆ ಎಂದೇ ತಿಳಿದಳು.

ಗುಣವಾಗಲಿಲ್ಲ. ವಾರ ಕಳೆಯಿತು, ಓದಿದ ನೀರು ಕುಡಿಸಿದ್ದಾಯಿತು, ಗುರುವಾರದ ಫಾತಿಹಾ ಪ್ರಾರ್ಥನೆ ಆಯಿತು. ಕೊಳಲಿನ ಸದ್ದು ದಿನೇ ದಿನೇ ಜೋರಾಯಿತು. ಮಲಗಿದರೆ ಉಸಿರು ಸಿಕ್ಕದೆ ಹುಡುಗಿ ಕೂತೇ ತೂಕಡಿಸುತ್ತಿದ್ದಳು, ತೂಕಡಿಕೆಯಲ್ಲೂ ಬೆರಳು ಮಡಿಸುತ್ತಲೇ ಇತ್ತು. ಆಮಿನಾಬಿ ಬಾಬಾರ ಹೊಸಲಲ್ಲಿ ತಲೆ ಚಚ್ಚಿಕೊಂಡಳು. "ಏನು ತಪ್ಪು ಮಾಡಿದೆ ನಾನು? ಪ್ರತಿ ಸಲ ಮಗಳನ್ನು ಉಳಿಸಿಕೊಟ್ಟೆಯಲ್ಲ, ಈ ಸಲ ಯಾಕೆ ಕೈಬಿಟ್ಟೆ?"

ಒಂದು ಮಧ್ಯಾಹ್ನ ಗಯಾಸುದ್ದೀನ್ ಸಾಹೇಬರು ನೀರಿನ ಬಟ್ಟಲು ಹಿಡಿದು ಬಾಗಿಲು ತಳ್ಳಿದರು. ಒಂದು ಹೆಜ್ಜೆ ಒಳಗಿಟ್ಟವರು ಕೆಮ್ಮು ತಡೆಯಲಾರದೆ ಬಟ್ಟಲು ಚೆಲ್ಲಿಕೊಂಡು ಹಿಂದಕ್ಕೆ ಬಂದರು. ಕಣ್ಣಿನಲ್ಲಿ ನೀರು. "ಯಾ ಅಲ್ಲಾ, ಇದೇನಮ್ಮಾ, ಇಲ್ಲಿ ಉಸಿರು ತಗೊಳ್ಳೋದು ಹೇಗೆ?" ಎಂದು ಮತ್ತೆ ನುಗ್ಗಿ ಜೀನತ್‌ಳನ್ನು ಎತ್ತಿಕೊಂಡು ಜಗುಲಿಗೆ ಒಯ್ದರು. ಮಳೆಯ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಸ್ವಲ್ಪ ಹೊತ್ತಿನಲ್ಲಿ ಹುಡುಗಿಯ ಕತ್ತಿನ ಗುಣಿ ಎಳೆಯುವುದು ಕಡಿಮೆಯಾಯಿತು. ಚಳಿಯಾಗುತ್ತದೆಂದು ಆಮಿನಾಬಿ ಮತ್ತೆ ಒಳಗೆ ಎತ್ತಿಕೊಂಡು ಹೋದಳು. ಮತ್ತೆ ಕತ್ತು ಎಳೆಯಿತು.

ಸಾಹೇಬರು ಬಾಗಿಲಲ್ಲಿ ನಿಂತು ಮೊರದ ಕಡೆ ಬೆರಳು ತೋರಿಸಿ ಕೇಳಿದರು: "ಇದನ್ನು ಯಾಕಮ್ಮಾ ತಂದೆ? ಇಷ್ಟು ಸಲ ಬಂದಾಗ ತಂದಿರಲಿಲ್ಲವಲ್ಲ."

ಅವರು ಬೈದದ್ದೂ ಅಲ್ಲ, ಬುದ್ಧಿ ಹೇಳಿದ್ದೂ ಅಲ್ಲ. ಸುಮ್ಮನೆ ಕೇಳಿದ ಮಾತು. ಆಮಿನಾಬಿ ಮೊರ ನೋಡಿದಳು, ಮಗಳ ಕತ್ತು ನೋಡಿದಳು, ಮತ್ತೆ ಮೊರ ನೋಡಿದಳು. ಬಾಬಾ ಅದೇ ಬಾಬಾ. ನೀರು ಅದೇ ನೀರು. ನವಿಲುಗರಿ ಅದೇ. ಈ ಸಲ ಬೇರೆಯಾದದ್ದು ಅದೊಂದೇ. ಅದನ್ನು ಊರಲ್ಲಿ ಬಿಟ್ಟುಬಂದಾಗಲೆಲ್ಲ ಮಗು ಬದುಕಿತ್ತು. ಈ ಸಲ ತಾನೇ ಅದನ್ನು ತಲೆಯ ಮೇಲೆ ಹೊತ್ತು, ಮಗುವಿಗೆ ಹೊದಿಸದ ಗೋಣಿಯನ್ನು ಅದಕ್ಕೆ ಹೊದಿಸಿ, ಜೋಪಾನವಾಗಿ ತಂದಿದ್ದಳು. ಊರಿನ ಕಣ್ಣು ಎಂದು ಇಷ್ಟು ವರ್ಷ ಊರಿನವರನ್ನೆಲ್ಲ ಶಪಿಸಿದ್ದಳು, ಪಾಪ, ಸಿದ್ದಲಿಂಗಮ್ಮನನ್ನೂ ಬಿಡದೆ.

ಮಳೆಯಲ್ಲೇ ಮೊರ, ಪುಡಿ, ಎಲೆ ಎಲ್ಲವನ್ನೂ ಬಾಚಿಕೊಂಡು ಓಡಿದಳು. ತುಂಬಿದ ಹಳ್ಳಕ್ಕೆ ಎಸೆದಳು. ಕೋಣೆಯನ್ನು ತೊಳೆದಳು, ತನ್ನ ಸೀರೆಯನ್ನು ತೊಳೆದಳು, ತಲೆಗೂದಲನ್ನು ತೊಳೆದಳು. ತೊಳೆದಷ್ಟೂ ತನ್ನ ಮೈಯಿಂದ ಅದೇ ವಾಸನೆ ಬರುತ್ತಿದೆ ಎನಿಸಿತು. ಹುಟ್ಟಿದಾಗಿನಿಂದ ಜೊತೆಗಿದ್ದ ಆ ವಾಸನೆ ಅವಳಿಗೆ ತಿಳಿದದ್ದು ಅವತ್ತೇ ಮೊದಲು.

ಜೀನತ್‌ಳನ್ನು ಜಗುಲಿಯ ಮೇಲೇ ಮಲಗಿಸಿಕೊಂಡರು. ಗಯಾಸುದ್ದೀನ್ ಸಾಹೇಬರ ಹೆಂಡತಿ ಬಿಸಿನೀರು ಕಾಯಿಸಿ ಕೊಟ್ಟಳು. ಎರಡು ದಿನ ಉಸಿರು ಏರಿತು, ಇಳಿಯಿತು. ಎರಡನೆಯ ಸಂಜೆ ಮಳೆ ನಿಂತು ಬಿಸಿಲು ಬಿದ್ದಿತ್ತು. ಹುಡುಗಿ ಕಣ್ಣು ಬಿಟ್ಟು ತಾಯಿಯ ತೊಡೆಯ ಮೇಲೆ ಮೊರ ಹುಡುಕಿದಳು.

"ಎಲೆ ಒಣಗುತ್ತಮ್ಮಾ" ಎಂದಳು. "ನೆನೆಸಿಟ್ಟಿದ್ವಲ್ಲ. ಒಣಗಿದ್ರೆ ಸಾಹೇಬ್ರು ಬೈತಾರೆ."

"ಒಣಗಲಿ ಮಗಳೇ. ಬೈಯಲಿ. ನೀನು ಉಸಿರು ತಗೋ."

"ಸ್ವಲ್ಪ ತಡೆ, ಎದ್ದು ಮಡಿಸ್ತೀನಿ."

ಏಳಲಿಲ್ಲ. ತಾಯಿಯ ಸೆರಗಿನ ಅಂಚನ್ನು ಹಿಡಿದು ಸಣ್ಣದಾಗಿ ಸುರುಳಿ ಸುತ್ತಿ, ಹೆಬ್ಬೆರಳಿನ ಉಗುರಿನಿಂದ ತುದಿಯನ್ನು ಒಳಕ್ಕೆ ಒತ್ತಿದಳು. ಬಿಟ್ಟಳು, ಮತ್ತೆ ಸುತ್ತಿದಳು, ಮತ್ತೆ ಒತ್ತಿದಳು. ಕತ್ತಲಾಗುವ ಮುಂಚೆ ಬೆರಳು ನಿಂತಿತು. ಉಸಿರು ನಿಂತದ್ದು ಯಾವಾಗ ಎಂದು ಆಮಿನಾಬಿಗೆ ತಿಳಿಯಲಿಲ್ಲ, ಅವಳು ಬೆರಳನ್ನೇ ನೋಡುತ್ತಿದ್ದಳು.

ಹೇಳಿ ಕಳಿಸಿದ ಮೇಲೆ ಸರ್ದಾರ್ ಪಾಷಾ ಪಿರಿಯಾಪಟ್ಟಣದ ದಾರಿಯಿಂದ ಬರುವುದಕ್ಕೆ ಬೆಳಗಾಯಿತು. ಮಗಳಿಗೆ ಕೊನೆಯ ಸ್ನಾನ ಮಾಡಿಸುವಾಗ ಆಮಿನಾಬಿ ತಾನೂ ಕೂತಳು. ಮೈಯೆಲ್ಲ ತೊಳೆದಾಯಿತು, ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯ ಕಂದು ಕಲೆ ಹೋಗಲಿಲ್ಲ. ಸೀಗೆಪುಡಿ ಹಾಕಿ ಉಜ್ಜಿದಳು. ಮರಳು ತಂದು ಉಜ್ಜಿದಳು. ಕೊನೆಗೆ ಸಾಹೇಬರ ಹೆಂಡತಿ ಅವಳ ಕೈಹಿಡಿದು, "ಬಿಡು ತಾಯಿ, ಅವಳಿಗೆ ನೋವಾಗುತ್ತೆ" ಎಂದಳು. ಸತ್ತ ಮಗುವಿಗೆ ನೋವೇ ಎಂದು ಯಾರೂ ಕೇಳಲಿಲ್ಲ. ಆ ಬೆರಳು ಹಿಡಿದು ಕೂತಾಗ ಆಮಿನಾಬಿಗೆ ಇದ್ದಕ್ಕಿದ್ದಂತೆ ತನ್ನ ತಂಗಿಯ ಮುಖ ನೆನಪಾಯಿತು. ನಾನು ಬದುಕಿಲ್ವಾ, ನಾನು ಬದುಕಿಲ್ವಾ ಎಂದು ಇಷ್ಟು ವರ್ಷ ಹೇಳಿದ್ದಳು. ಮೊರದ ಆಚೆ ಬದಿಗೆ ಕೂತವಳು ಬದುಕಿರಲಿಲ್ಲ. ಬದುಕಿದವರು ಹೇಳುವ ಮಾತನ್ನೇ ಲೋಕ ಕೇಳುತ್ತದೆ, ಸತ್ತವರು ಬಂದು ಸಾಕ್ಷಿ ಹೇಳುವುದುಂಟೇ?

ಹುಣಸೂರಿಗೆ ಹಿಂದಿರುಗಿದ ಮೇಲೆ ಇಸಾಕ್ ಸಾಹೇಬರು ಮನೆಗೆ ಬಂದು, ನಿಜವಾಗಿಯೂ ಕಣ್ಣೊರೆಸಿಕೊಂಡರು. ಹಳ್ಳಕ್ಕೆ ಹೋದ ಎಲೆಯ ಮಾತೆತ್ತಲಿಲ್ಲ. ಹೋಗುವಾಗ ಬಾಗಿಲಲ್ಲಿ ಆಡುತ್ತಿದ್ದ ಕರೀಮುನ್ನೀಸಾಳ ತಲೆ ಸವರಿ, "ದುಃಖ ಮಾಡಬೇಡಿ. ಇವಳೂ ಬೆಳೀತಾ ಇದ್ದಾಳಲ್ಲ, ನಿಮಗೆ ಆಸರೆ ಆಗ್ತಾಳೆ" ಎಂದರು.

ಆಮಿನಾಬಿ ಮಗುವನ್ನು ಎಳೆದು ಹಿಂದಕ್ಕಿಟ್ಟುಕೊಂಡಳು. "ಸಾಹೇಬ್ರೇ, ನನಗೆ ಬೇರೆ ಕಸುಬು ಬರಲ್ಲ. ನಿಮ್ಮ ಕಾರ್ಖಾನೆಗೆ ಬಂದು ಸುತ್ತುತ್ತೀನಿ. ಈ ಹೊಸಲೊಳಗೆ ಇನ್ನು ಪುಡಿ ಬರೋಹಾಗಿಲ್ಲ. ಇವಳು ಸಿದ್ದಲಿಂಗಮ್ಮನ ಹತ್ರ ಇರ್ತಾಳೆ. ಆಮೇಲೆ ಸ್ಕೂಲಿಗೆ ಹೋಗ್ತಾಳೆ."

"ರಂಜಾನ್ ಕಳೀಲಿ" ಎಂದು ಈ ಸಲ ಸರ್ದಾರ್ ಪಾಷಾ ಹೇಳಲಿಲ್ಲ.

ಆದರೆ ಕೇರಿ ಎಂದರೆ ಕೇರಿ. ಸುತ್ತಲಿನ ಮನೆಗಳಲ್ಲಿ ಮೊರಗಳಿದ್ದವು, ಮೊರದ ಸುತ್ತ ಮಕ್ಕಳಿದ್ದರು. ಒಂದೆರಡು ವರ್ಷದ ಮೇಲೆ ಒಂದು ಸಂಜೆ ಆಮಿನಾಬಿ ಕೆಲಸ ಮುಗಿಸಿ, ಬಾವಿಯ ಹತ್ತಿರ ಸೀರೆ ಬದಲಿಸಿ, ಕೈ ತೊಳೆದು ಬರುವ ಹೊತ್ತಿಗೆ ಸಿದ್ದಲಿಂಗಮ್ಮನ ಜಗುಲಿಯಲ್ಲಿ ನಾಲ್ಕಾರು ಹೆಂಗಸರು ಸೇರಿದ್ದರು. ನಡುವೆ ಕರೀಮುನ್ನೀಸಾ. ಹೊಂಗೆ ಎಲೆಯನ್ನು ಹರಿದು, ಒಳಗೆ ಮಣ್ಣು ತುಂಬಿ, ಸುತ್ತಿ ಇಟ್ಟಿದ್ದಳು. ತಾಯಿಯನ್ನು ಕಂಡದ್ದೇ ಓಡಿಬಂದು ಅದನ್ನು ಕೈಗೆ ಕೊಟ್ಟಳು.

"ಅಮ್ಮಾ, ನೋಡು! ಆಪಾ ಮಡಿಸ್ತಿದ್ಲಲ್ಲ, ಹಂಗೇ ಮಡಿಸಿದ್ದೀನಿ."

"ಅಯ್ ಶಿವ್ನೆ, ಅಕ್ಕನ್ ಕೈಯೇ ಬಂದದೆ ಕಣವ್ವ" ಎಂದು ಒಬ್ಬಾಕೆ ಉದ್ಗರಿಸಿದಳು. ಸಿದ್ದಲಿಂಗಮ್ಮ ಅವಳ ಮೊಣಕೈ ತಿವಿದಳು.

ಆಮಿನಾಬಿ ಎಲೆಯನ್ನು ತಿರುಗಿಸಿ ನೋಡಿದಳು. ಅಭ್ಯಾಸಬಲದಿಂದ ತುದಿ ಕೆಳಗೆ ಮಾಡಿ ಅಲ್ಲಾಡಿಸಿದಳು. ಒಂದು ಕಾಳು ಮಣ್ಣೂ ಉದುರಲಿಲ್ಲ. ಮಗಳು ಬಾಯಿ ಅಷ್ಟು ಚೆನ್ನಾಗಿ ಮಡಿಸಿದ್ದಳು. ಅವಳ ಅತ್ತೆ ಬದುಕಿದ್ದರೆ ಒಳ್ಳೇ ಮನೆತನ ಎನ್ನುತ್ತಿದ್ದಳು. ಮಗು ಹೊಗಳಿಕೆಗೆ ಕಾಯುತ್ತ ಮುಖವೆತ್ತಿ ನಿಂತಿತ್ತು.

"ಚೆನ್ನಾಗಿಲ್ಲ" ಎಂದಳು ಆಮಿನಾಬಿ. "ಒಂಚೂರೂ ಚೆನ್ನಾಗಿಲ್ಲ ಮಗಳೇ. ನಿನಗೆ ಇದು ಬರಲ್ಲ."

ಮಗು ಹೋ ಎಂದು ಅತ್ತುಬಿಟ್ಟಿತು. ಆಮಿನಾಬಿ ಅಲ್ಲೇ ಬೀದಿಯಲ್ಲಿ ಕುಕ್ಕರಿಸಿ ಮಗಳನ್ನು ತಬ್ಬಿಕೊಂಡು, ಆ ಬೆರಳುಗಳನ್ನು ತನ್ನ ಮುಷ್ಟಿಯೊಳಗೆ ಮುಚ್ಚಿ ಹಿಡಿದು, ತಾನೂ ದನಿ ತೆಗೆದು ಅತ್ತಳು. ಮಾರನೆಯ ದಿನ ಇಸಾಕ್ ಸಾಹೇಬರ ಕಾರ್ಖಾನೆಗೆ ತಡವಾಗಿ ಹೋದಳು. ಮೊದಲು ಮಗಳನ್ನು ಸ್ಕೂಲಿನ ಬಾಗಿಲಿಗೆ ಕರೆದೊಯ್ದು, ಒಳಗೆ ಕೂರಿಸಿದ್ದು ಕಣ್ಣಾರೆ ಕಂಡ ಮೇಲೆ ಹೋದಳು.